ಇಂಕ್‌ಸ್ಕೇಪ್‌ನಲ್ಲಿ ಬಾಗುಗೆರೆ: ಪೆನ್ ಟೂಲ್, ನೋಡ್ ಟೂಲ್ ಮತ್ತು ಸ್ಪೈರೋ

ಚಿತ್ರ ಬಿಡಿಸುವ ತಂತ್ರಾಂಶವಾದ ಇಂಕ್‌ಸ್ಕೇಪನ್ನು ಕಲಿಯಲು ತೊಡಗಿದ ಹೊಸದರಲ್ಲಿ ನಾನು ಬಿಡಿಸಿದ ಒಂದು ಎಲೆಯ ಚಿತ್ರವನ್ನು ವಿನೈಲ್ ಹಾಳೆಯಲ್ಲಿ ಕತ್ತರಿಸಿಕೊಡಲು ಒಬ್ಬರಿಗೆ ಕೊಟ್ಟಿದ್ದೆ. ಪರದೆಯ ಮೇಲೆ ಚೆನ್ನಾಗಿಯೇ ಕಂಡಿದ್ದ ಎಲೆಯ ಅಂಚು, ಕತ್ತರಿಸಿ ಕೈಗೆ ಬಂದಾಗ ಬೆರಳಿಗೆ ತರಿತರಿಯಾಗಿ ತಾಕುತ್ತಿತ್ತು. ಯಂತ್ರ ನಡೆಸುವವರು ಫೈಲನ್ನು ತೆರೆದು ತೋರಿಸಿ, "ಒಂದು ಎಲೆಗೆ ಇಷ್ಟೊಂದು ನೋಡ್ ಯಾಕೆ ಹಾಕಿದ್ದೀರಿ? ಗೆರೆ ಹೆಜ್ಜೆಹೆಜ್ಜೆಗೂ ದಿಕ್ಕು ಬದಲಿಸಿದರೆ ಬ್ಲೇಡೂ ಹಾಗೆಯೇ ಹೋಗುತ್ತದೆ" ಎಂದರು. ಎಲೆಯನ್ನು ಆಯ್ಕೆ ಮಾಡಿದಾಗ ಕೆಳಗಿನ ಪಟ್ಟಿಯಲ್ಲಿ ನೋಡ್‌ಗಳ, ಅಂದರೆ ಗೆರೆಯನ್ನು ಹಿಡಿದಿಡುವ ಬಿಂದುಗಳ, ಸಂಖ್ಯೆ 61 ಎಂದಿತ್ತು. ಅದೇ ಎಲೆಯನ್ನು ಈಗ ನಾನು 4 ನೋಡ್‌ಗಳಲ್ಲಿ ಬಿಡಿಸುತ್ತೇನೆ, ಅದು ಮೊದಲಿನದಕ್ಕಿಂತ ಚೆನ್ನಾಗಿಯೂ ಇರುತ್ತದೆ. ಬಾಗುಗೆರೆ ಬಿಡಿಸುವ ಯಾವುದೇ ತಂತ್ರಾಂಶವನ್ನು ಅಳೆಯಲು ನಾನು ಅಂದಿನಿಂದ ಹಿಡಿದಿರುವ ಅಳತೆಗೋಲು ಇದೇ: 61ರಿಂದ 4ಕ್ಕೆ ಇಳಿಯಲು ಅದು ಎಷ್ಟು ನೆರವಾಗುತ್ತದೆ, ಎಲ್ಲಿ ಅಡ್ಡಿಯಾಗುತ್ತದೆ ಎಂಬುದು. ಈ ಬರಹದಲ್ಲಿ ಇಂಕ್‌ಸ್ಕೇಪ್‌ನ ಬಣ್ಣ, ಅಕ್ಷರ, ಫಿಲ್ಟರ್ ಮುಂತಾದ ಬೇರೆ ಸೌಲಭ್ಯಗಳ ಗೊಡವೆಗೆ ಹೋಗದೆ, ಗೆರೆಯನ್ನು ಬಾಗಿಸುವ ಕೆಲಸವೊಂದನ್ನೇ ಪರಿಶೀಲಿಸುತ್ತೇನೆ.

ಇಂಕ್‌ಸ್ಕೇಪ್ ಉಚಿತವಾದ ಮುಕ್ತ ತಂತ್ರಾಂಶ. ಸೋಡಿಪೋಡಿ ಎಂಬ ಹಳೆಯ ತಂತ್ರಾಂಶದಿಂದ 2003ರಲ್ಲಿ ಕವಲೊಡೆದು ಬಂದ ಇದರ 1.0 ಆವೃತ್ತಿ 2020ರಲ್ಲಿ, 1.4 ಆವೃತ್ತಿ 2024ರಲ್ಲಿ ಹೊರಬಂದಿವೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಚಿತ್ರಗಳನ್ನು ಎಸ್‌ವಿಜಿ ಎಂಬ ಮುಕ್ತ ಮಾದರಿಯಲ್ಲಿ ಉಳಿಸುತ್ತದೆ. ಈ ಮಾದರಿ 2001ರಿಂದಲೇ ವೆಬ್‌ನ ಅಧಿಕೃತ ಶಿಫಾರಸು ಆಗಿರುವುದರಿಂದ, ಇದರಲ್ಲಿ ಬಿಡಿಸಿದ ಗೆರೆಯನ್ನು ಬ್ರೌಸರ್‌ನಿಂದ ಹಿಡಿದು ಕತ್ತರಿಸುವ ಯಂತ್ರದ ತಂತ್ರಾಂಶದವರೆಗೆ ಹಲವು ತಂತ್ರಾಂಶಗಳು ಓದಬಲ್ಲವು.

ಉಪಕರಣದ ಗುಣದೋಷಗಳನ್ನು ತೂಗುವ ಮೊದಲು ಗೆರೆಯ ಸ್ವಭಾವವನ್ನು ಸ್ವಲ್ಪ ತಿಳಿದಿರಬೇಕು, ಏಕೆಂದರೆ ಗೆರೆ ಎಳೆಯುವ ಉಪಕರಣವಾದ ಪೆನ್ ಟೂಲನ್ನು ಹಿಡಿದು ಬೇಸತ್ತವರಲ್ಲಿ ಹೆಚ್ಚಿನವರು ಬೇಸತ್ತಿರುವುದು ಈ ಸ್ವಭಾವವನ್ನು ಯಾರೂ ಹೇಳಿಕೊಡದೆ ಹೋದುದರಿಂದ. ಚುಕ್ಕೆಗಳ ಬದಲು ಗೆರೆಗಳ ಲೆಕ್ಕದಿಂದ ಮೂಡುವ ವೆಕ್ಟರ್ ಚಿತ್ರದ ಬಾಗುಗೆರೆ ಸಾಮಾನ್ಯವಾಗಿ ಬೆಝಿಯೆ ಗೆರೆ. ಕಾರಿನ ಮೈಯ ಬಾಗುಗಳನ್ನು ಲೆಕ್ಕದಲ್ಲಿ ಹಿಡಿದಿಡಲು ಫ್ರಾನ್ಸಿನ ಸಿಟ್ರೊಎನ್ ಕಂಪನಿಯಲ್ಲಿ ಪಾಲ್ ದ ಕ್ಯಾಸ್ಟೆಲ್‌ಜೋ 1959ರಲ್ಲಿ, ರೆನೊ ಕಂಪನಿಯಲ್ಲಿ ಪಿಯೆರ್ ಬೆಝಿಯೆ 1960ರ ದಶಕದಲ್ಲಿ ಬೇರೆಬೇರೆಯಾಗಿ ಕಂಡುಕೊಂಡ ವಿಧಾನ ಇದು. ಸಿಟ್ರೊಎನ್ ತನ್ನ ಕೆಲಸವನ್ನು ಗುಟ್ಟಾಗಿ ಇಟ್ಟುಕೊಂಡಿತು, ಬೆಝಿಯೆ ಪ್ರಕಟಿಸಿದರು; ಹಾಗಾಗಿ ಹೆಸರು ಅವರದಾಯಿತು. 1980ರ ದಶಕದಲ್ಲಿ ಮುದ್ರಣದ ಪುಟವನ್ನು ವಿವರಿಸುವ ಪೋಸ್ಟ್‌ಸ್ಕ್ರಿಪ್ಟ್ ಭಾಷೆಯೂ, 1987ರಲ್ಲಿ ಬಂದ ಅಡೋಬಿ ಇಲಸ್ಟ್ರೇಟರ್ ಎಂಬ ಚಿತ್ರದ ತಂತ್ರಾಂಶವೂ ಇದೇ ಗೆರೆಯನ್ನು ಆರಿಸಿಕೊಂಡ ಮೇಲೆ ಅದು ಚಿತ್ರಕಾರರ ಮೇಜಿಗೆ ಬಂತು.

ಒಂದು ತುಂಡು ಗೆರೆಗೆ ನಾಲ್ಕು ಬಿಂದುಗಳು ಸಾಕು. ಎರಡು ತುದಿಯ ನೋಡ್‌ಗಳ ಮೂಲಕ ಗೆರೆ ಹಾದುಹೋಗುತ್ತದೆ; ಉಳಿದೆರಡು, ನೋಡ್‌ನಿಂದ ಚಾಚುವ ಹ್ಯಾಂಡಲ್ ಎಂಬ ಹಿಡಿಕಡ್ಡಿಗಳ ಕೊನೆಗಳು, ಅವು ಗೆರೆಯನ್ನು ತಮ್ಮತ್ತ ಸೆಳೆಯುತ್ತವೆ, ಆದರೆ ಮುಟ್ಟಿಸಿಕೊಳ್ಳುವುದಿಲ್ಲ. ನೋಡ್‌ನಿಂದ ಹೊರಡುವಾಗ ಗೆರೆ ಹ್ಯಾಂಡಲ್ ತೋರಿಸಿದ ದಿಕ್ಕಿನಲ್ಲಿಯೇ ಹೊರಡುತ್ತದೆ. ಹ್ಯಾಂಡಲ್ ಉದ್ದವಾದಷ್ಟೂ ಆ ದಿಕ್ಕಿನ ಹಟ ಹೆಚ್ಚು. ಇದರ ಜೊತೆಗೆ ಒಂದು ಲೆಕ್ಕವನ್ನು ನೆನಪಿಟ್ಟುಕೊಂಡರೆ ಕೈ ಬಹಳ ಬೇಗ ಪಳಗುತ್ತದೆ. ಅಡ್ಡಗೆರೆಯೊಂದರ ಎರಡು ತುದಿಗಳಲ್ಲಿ ನೋಡ್‌ಗಳಿದ್ದು, ಎರಡೂ ಹ್ಯಾಂಡಲ್‌ಗಳನ್ನು ನೇರವಾಗಿ ಮೇಲಕ್ಕೆ 40 ಮಿಲಿಮೀಟರ್ ಎಳೆದರೆ, ಗೆರೆಯ ನಡುಭಾಗ 30 ಮಿಲಿಮೀಟರ್ ಎತ್ತರಕ್ಕೆ ಏರಿ ನಿಲ್ಲುತ್ತದೆ. ಹ್ಯಾಂಡಲ್ ಏರಿದ್ದರಲ್ಲಿ ಮುಕ್ಕಾಲು ಪಾಲು ಗೆರೆ ಏರುತ್ತದೆ ಎಂದು ತಿಳಿದವರು, ಗೆರೆ ಎಲ್ಲಿಗೆ ಬರಬೇಕೋ ಅಲ್ಲಿಗೆ ಹ್ಯಾಂಡಲನ್ನು ತಂದಿಟ್ಟು ನಿರಾಶರಾಗುವ ಬದಲು ಮೊದಲಿಗೇ ಸ್ವಲ್ಪ ಮುಂದಕ್ಕೆ ಎಳೆಯುತ್ತಾರೆ.

ಈಗ ಪೆನ್ ಟೂಲ್. ಬಿ ಕೀಲಿಯನ್ನು ಒತ್ತಿದರೆ ಅದು ಕೈಗೆ ಬರುತ್ತದೆ. ಸುಮ್ಮನೆ ಕ್ಲಿಕ್ ಮಾಡುತ್ತಾ ಹೋದರೆ ನೇರಗೆರೆಗಳು, ಕ್ಲಿಕ್ ಮಾಡಿ ಬಿಡದೆ ಎಳೆದರೆ ಹ್ಯಾಂಡಲ್ ಮೂಡಿ ಬಾಗುಗೆರೆ. ಮುಗಿದ ತುಂಡುಗಳು ಹಸಿರಾಗಿಯೂ ಈಗ ಎಳೆಯುತ್ತಿರುವ ತುಂಡು ಕೆಂಪಾಗಿಯೂ ಕಾಣುವುದರಿಂದ, ಮುಂದಿನ ಕ್ಲಿಕ್ ಏನು ಮಾಡಲಿದೆ ಎಂಬುದು ಕ್ಲಿಕ್ ಮಾಡುವ ಮೊದಲೇ ಗೊತ್ತಾಗುತ್ತದೆ. ಎಳೆಯುವಾಗ ಕಂಟ್ರೋಲ್ ಹಿಡಿದರೆ ಹ್ಯಾಂಡಲ್ 15 ಡಿಗ್ರಿಗಳ ಮೆಟ್ಟಿಲುಗಳಲ್ಲಿ ಮಾತ್ರ ತಿರುಗುತ್ತದೆ. ಶಿಫ್ಟ್ ಹಿಡಿದರೆ ಎರಡು ಹ್ಯಾಂಡಲ್‌ಗಳಲ್ಲಿ ಒಂದು ಮಾತ್ರ ಚಲಿಸಿ ಅಲ್ಲಿ ಮೂಲೆಯೊಂದು ಹುಟ್ಟುತ್ತದೆ. ತಪ್ಪಿದರೆ ಬ್ಯಾಕ್‌ಸ್ಪೇಸ್ ಕೊನೆಯ ನೋಡನ್ನು ಅಳಿಸುತ್ತದೆ, ಬಾಣದ ಕೀಲಿಗಳು ಅದನ್ನು ಆಚೀಚೆ ಸರಿಸುತ್ತವೆ, ಎಂಟರ್ ಒತ್ತಿದರೆ ಗೆರೆ ಮುಗಿಯುತ್ತದೆ. ಇಷ್ಟನ್ನು ಒಂದು ಸಂಜೆಯಲ್ಲಿ ಕಲಿಯಬಹುದು.

ಆದರೆ ಪೆನ್ ಟೂಲ್ ಒಂದರಲ್ಲೇ ಇಡೀ ಚಿತ್ರವನ್ನು ಮುಗಿಸಲು ಹೊರಟವರಿಗೆ ಇಂಕ್‌ಸ್ಕೇಪ್ ಅಷ್ಟು ಉದಾರಿಯಲ್ಲ. ಗೆರೆ ಎಳೆಯುತ್ತಿರುವಾಗಲೇ ಮೂರು ನೋಡ್ ಹಿಂದಿನದನ್ನು ತಿದ್ದಬೇಕೆನಿಸಿದರೆ, ಎಳೆಯುತ್ತಿದ್ದ ಗೆರೆಯನ್ನು ಮುಗಿಸಿ, ನೋಡ್ ಟೂಲಿಗೆ ಹೋಗಿ, ತಿದ್ದಿ, ಮರಳಿ ಪೆನ್ನಿಗೆ ಬಂದು ಗೆರೆಯ ತುದಿಯಿಂದ ಮುಂದುವರಿಸಬೇಕು. ಇಲಸ್ಟ್ರೇಟರ್‌ನಲ್ಲಿ ಪೆನ್ ಹಿಡಿದಿರುವಾಗಲೇ ಕಂಟ್ರೋಲ್ ಅಥವಾ ಕಮಾಂಡ್ ಕೀಲಿಯನ್ನು ಒತ್ತಿದರೆ ಆಯ್ಕೆಯ ಬಾಣ ತಾತ್ಕಾಲಿಕವಾಗಿ ಕೈಗೆ ಬರುತ್ತದೆ; ಹ್ಯಾಂಡಲ್ ಎಳೆಯುತ್ತಿರುವಾಗ ಸ್ಪೇಸ್ ಬಾರ್ ಒತ್ತಿದರೆ ನೋಡನ್ನೇ ಸರಿಸಬಹುದು. ಆ ಸಲೀಸು ಅಭ್ಯಾಸವಾದ ಕೈಗೆ ಇಲ್ಲಿ ಪ್ರತಿ ಐದು ನಿಮಿಷಕ್ಕೊಮ್ಮೆ ಎಡವಿದಂತಾಗುವುದು ಸಹಜ. ಪೆನ್ ಟೂಲುಗಳನ್ನಷ್ಟೇ ಎದುರುಬದುರು ಇಟ್ಟು ತೂಗುವುದಾದರೆ ತಕ್ಕಡಿ ಇಲಸ್ಟ್ರೇಟರ್ ಕಡೆಗೇ ವಾಲುತ್ತದೆ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಹಾಗಿದ್ದೂ ನಾನು ಇಂಕ್‌ಸ್ಕೇಪ್‌ನಲ್ಲೇ ಉಳಿದಿರುವುದು ನೋಡ್ ಟೂಲಿನ ಕಾರಣಕ್ಕೆ. ಈ ತಂತ್ರಾಂಶದಲ್ಲಿ ಪೆನ್ನು ಕರಡು ತೆಗೆಯುವ ಉಪಕರಣ, ಗೆರೆ ಸಿದ್ಧವಾಗುವುದು ನೋಡ್ ಟೂಲಿನಲ್ಲಿ. ಹಾಗೆಂದು ಒಪ್ಪಿಕೊಂಡ ದಿನದಿಂದ ಪೆನ್ನಿನ ಕೊರತೆಗಳು ನನಗೆ ದೊಡ್ಡದಾಗಿ ಕಂಡಿಲ್ಲ. ಎಲೆಯನ್ನೇ ತೆಗೆದುಕೊಂಡು ಹೇಳುವುದಾದರೆ, ಈಗ ನಾನು ಪೆನ್ನಿನಲ್ಲಿ ಬಾಗುಗೆರೆ ಎಳೆಯಲು ಹೋಗುವುದೇ ಇಲ್ಲ. ಎಲೆಯ ತೊಟ್ಟಿನ ಬಳಿ ಒಂದು, ಬಲಗಡೆ ಅದು ಅತಿ ಅಗಲವಾಗಿರುವಲ್ಲಿ ಒಂದು, ತುದಿಯಲ್ಲಿ ಒಂದು, ಎಡಗಡೆಯ ಅತಿ ಅಗಲದಲ್ಲಿ ಒಂದು ಎಂದು ನಾಲ್ಕು ಕಡೆ ಬರೀ ಕ್ಲಿಕ್ ಮಾಡಿ ಮೊದಲ ನೋಡಿಗೆ ಮರಳಿ ಗೆರೆಯನ್ನು ಮುಚ್ಚುತ್ತೇನೆ. ಆಗ ಪರದೆಯ ಮೇಲಿರುವುದು ಗಾಳಿಪಟದಂಥ ನಾಲ್ಕು ಮೂಲೆಯ ಆಕಾರ. ಎನ್ ಕೀಲಿಯನ್ನು ಒತ್ತಿ ನೋಡ್ ಟೂಲಿಗೆ ಬಂದು, ನಾಲ್ಕೂ ನೋಡ್‌ಗಳನ್ನು ಆಯ್ಕೆ ಮಾಡಿ ಶಿಫ್ಟ್ ಯು ಒತ್ತಿದರೆ ನೇರ ತುಂಡುಗಳು ಬಾಗಬಲ್ಲ ತುಂಡುಗಳಾಗುತ್ತವೆ. ಎಡಬಲಗಳ ಅತಿ ಅಗಲದಲ್ಲಿರುವ ಎರಡು ನೋಡ್‌ಗಳನ್ನಷ್ಟೇ ಆಯ್ಕೆ ಮಾಡಿ ಶಿಫ್ಟ್ ಎಸ್ ಒತ್ತಿದರೆ ಅವು ನಯವಾದ ನೋಡ್‌ಗಳಾಗುತ್ತವೆ, ಅಂದರೆ ಅವುಗಳ ಎರಡು ಹ್ಯಾಂಡಲ್‌ಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಆ ಹ್ಯಾಂಡಲ್‌ಗಳನ್ನು ಕಂಟ್ರೋಲ್ ಹಿಡಿದು ನೆಟ್ಟಗೆ ನಿಲ್ಲಿಸಿ, ಮೇಲಿನದನ್ನು ತುಸು ಉದ್ದ, ಕೆಳಗಿನದನ್ನು ತುಸು ಗಿಡ್ಡ ಮಾಡಿದ ಕ್ಷಣದಲ್ಲಿ ಗಾಳಿಪಟ ಹೋಗಿ ಎಲೆ ಮೂಡುತ್ತದೆ. ತುದಿಯ ನೋಡಿನ ಹ್ಯಾಂಡಲ್‌ಗಳನ್ನು ಒಳಕ್ಕೆ ಸ್ವಲ್ಪ ಬಾಗಿಸಿದರೆ ತುದಿ ಮೊನಚಾಗಿ ನೀಳವಾಗುತ್ತದೆ, ಹೊರಕ್ಕೆ ತಿರುಗಿಸಿದರೆ ದುಂಡಗಾಗುತ್ತದೆ. ನಾಲ್ಕೇ ಬಿಂದುಗಳ ಮೇಲೆ ಇಷ್ಟೂ ಬಗೆಯ ಎಲೆಗಳು ನಿಂತಿವೆ ಎಂಬುದನ್ನು ಮೊದಲ ಸಲ ಕಂಡಾಗ ನನಗಾದ ಸಂತೋಷ ಇನ್ನೂ ಮಾಸಿಲ್ಲ.

ನೋಡ್ ಟೂಲಿನ ಕೀಲಿಗಳಲ್ಲಿ ಕೆಲವು ದಿನದಿನದ ಬಳಕೆಗೆ ಬಹಳ ಮುಖ್ಯ. ಹ್ಯಾಂಡಲ್ ಎಳೆಯುವಾಗ ಆಲ್ಟ್ ಹಿಡಿದರೆ ಅದರ ಉದ್ದ ಬದಲಾಗದೆ ದಿಕ್ಕು ಮಾತ್ರ ತಿರುಗುತ್ತದೆ, ಶಿಫ್ಟ್ ಹಿಡಿದರೆ ಎರಡೂ ಹ್ಯಾಂಡಲ್‌ಗಳು ಜೊತೆಯಾಗಿ ತಿರುಗುತ್ತವೆ. ಗೆರೆಯ ನಡುಭಾಗವನ್ನೇ ಹಿಡಿದು ಎಳೆದು ಬಾಗಿಸಲೂಬಹುದು. ಹೊಸಬರಿಗೆ ಇದು ಅತ್ಯಂತ ಸುಲಭವೆನಿಸುತ್ತದೆ, ಆದರೆ ಹೀಗೆ ಎಳೆದಾಗ ನಯವಾದ ನೋಡಿನ ಆಚೆ ಬದಿಯ ಹ್ಯಾಂಡಲೂ ತಿರುಗಿ, ನಾವು ಮುಟ್ಟದ ಪಕ್ಕದ ತುಂಡು ಕೂಡ ಕದಲುತ್ತದೆ. ಒಂದನ್ನು ಸರಿಮಾಡಲು ಹೋಗಿ ಇನ್ನೊಂದು ಕೆಟ್ಟಿತು ಎಂಬ ದೂರು ಬಹುಮಟ್ಟಿಗೆ ಇಲ್ಲಿಂದಲೇ ಹುಟ್ಟುತ್ತದೆ. ನೋಡ್ ಅಳಿಸುವುದರಲ್ಲಿಯೂ ಎರಡು ದಾರಿಗಳಿವೆ: ಡಿಲೀಟ್ ಒತ್ತಿದರೆ ಉಳಿದ ಹ್ಯಾಂಡಲ್‌ಗಳನ್ನು ಹೊಂದಿಸಿ ಹಳೆಯ ಆಕಾರವನ್ನು ಉಳಿಸಿಕೊಳ್ಳಲು ತಂತ್ರಾಂಶ ಪ್ರಯತ್ನಿಸುತ್ತದೆ, ಕಂಟ್ರೋಲ್ ಜೊತೆಗೆ ಡಿಲೀಟ್ ಒತ್ತಿದರೆ ನೋಡನ್ನು ಕಿತ್ತು ಸುಮ್ಮನಿರುತ್ತದೆ. 61 ನೋಡ್‌ಗಳ ಎಲೆಯನ್ನು ಒಂದೊಂದಾಗಿ ಅಳಿಸುತ್ತಾ ಬಂದಾಗ, ಯಾವ ನೋಡ್ ಹೋದರೂ ಆಕಾರ ಕದಲದೆ ನಿಂತಿತೋ ಅದು ಮೊದಲಿಗೇ ಬೇಡವಾಗಿತ್ತು ಎಂದು ತಿಳಿಯಿತು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸವನ್ನು ನಾನು ಕಂಡಿಲ್ಲ.

ನೋಡನ್ನು ಎಲ್ಲಿಡಬೇಕು ಎಂಬ ಪ್ರಶ್ನೆಗೆ ಅಕ್ಷರ ವಿನ್ಯಾಸಕಾರರು ಪಾಲಿಸುವ ನಿಯಮವೇ ಉತ್ತರ: ಆಕಾರದ ಅತಿ ಎಡ, ಅತಿ ಬಲ, ಅತಿ ಮೇಲು, ಅತಿ ಕೆಳಗಿನ ಬಿಂದುಗಳಲ್ಲಿ. ಅಲ್ಲಿ ಗೆರೆಯ ದಿಕ್ಕು ನೆಟ್ಟಗೆ ಅಥವಾ ಅಡ್ಡಲಾಗಿಯೇ ಇರುವುದರಿಂದ ಹ್ಯಾಂಡಲ್‌ಗಳು ಕಂಟ್ರೋಲ್ ಕೀಲಿಗೆ ಒಲಿಯುತ್ತವೆ, ಅಗಲವನ್ನೂ ಎತ್ತರವನ್ನೂ ಬದಲಿಸುವಾಗ ಗೆರೆ ಉಬ್ಬುತಗ್ಗಾಗುವುದಿಲ್ಲ. ಈಗಾಗಲೇ ಬಿಡಿಸಿದ ಗೆರೆಯಲ್ಲಿ ಈ ಜಾಗಗಳನ್ನು ಕಣ್ಣಳತೆಯಿಂದ ಹುಡುಕಬೇಕಾಗಿಲ್ಲ. ನೋಡ್ ಸೇರಿಸುವ ಗುಂಡಿಯ ಪಕ್ಕದ ಚಿಕ್ಕ ಬಾಣವನ್ನು ಒತ್ತಿದರೆ ತೆರೆಯುವ ಪಟ್ಟಿಯಲ್ಲಿ, ಆಯ್ದ ತುಂಡಿನ ಅತಿ ಎಡಬಲ ಅಥವಾ ಅತಿ ಮೇಲುಕೆಳಗಿನ ಬಿಂದುವಿನಲ್ಲೇ ನೋಡ್ ಕೂರಿಸುವ ಆಯ್ಕೆಗಳಿವೆ. ಇಷ್ಟು ಉಪಯುಕ್ತವಾದುದನ್ನು ಅಷ್ಟು ಚಿಕ್ಕ ಬಾಣದ ಹಿಂದೆ ಅಡಗಿಸಿಟ್ಟಿರುವುದು ಈ ತಂತ್ರಾಂಶದ ದೊಡ್ಡ ಕೊರತೆಗಳಲ್ಲಿ ಒಂದು. ವರ್ಷಗಟ್ಟಲೆ ಬಳಸಿದವರೂ ಅದನ್ನು ಕಾಣದೆ ಉಳಿಯುವುದು ಸಾಧ್ಯ.

ಕನ್ನಡದ ಸೊನ್ನೆಯನ್ನು ಬಿಡಿಸಿ ನೋಡಿದರೆ ಈ ನಿಯಮದ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ. ಬೆಝಿಯೆ ಗೆರೆಯಿಂದ ನಿಜವಾದ ವೃತ್ತವನ್ನು ಬಿಡಿಸಲು ಆಗುವುದೇ ಇಲ್ಲ, ಹತ್ತಿರಕ್ಕೆ ಹೋಗಬಹುದಷ್ಟೆ. ನಾಲ್ಕು ದಿಕ್ಕುಗಳಲ್ಲಿ ನಾಲ್ಕು ನೋಡ್‌ಗಳನ್ನಿಟ್ಟು, ಪ್ರತಿಯೊಂದು ಹ್ಯಾಂಡಲನ್ನೂ ತ್ರಿಜ್ಯದ 0.5523 ಪಾಲು ಉದ್ದಕ್ಕೆ ಎಳೆದರೆ, ಬರುವ ಆಕಾರ ವೃತ್ತದಿಂದ ಎಲ್ಲಿಯೂ ತ್ರಿಜ್ಯದ ಶೇಕಡಾ 0.03ಕ್ಕಿಂತ ಹೆಚ್ಚು ದೂರ ಸರಿಯುವುದಿಲ್ಲ. 100 ಮಿಲಿಮೀಟರ್ ತ್ರಿಜ್ಯದ ದೊಡ್ಡ ಸೊನ್ನೆಯಲ್ಲೂ ವ್ಯತ್ಯಾಸ 0.03 ಮಿಲಿಮೀಟರ್‌ಗಿಂತ ಕಡಿಮೆ. ಕಣ್ಣಿಗೂ ಬ್ಲೇಡಿಗೂ ಅದು ವೃತ್ತವೇ. ಇಂಕ್‌ಸ್ಕೇಪ್‌ನ ವೃತ್ತವನ್ನು ಪಾತ್ ಆಗಿ, ಅಂದರೆ ನೋಡ್‌ಗಳುಳ್ಳ ಗೆರೆಯಾಗಿ, ಬದಲಿಸಿದಾಗ ಸಿಗುವುದೂ ಇಂಥದೇ ನಾಲ್ಕು ನೋಡ್‌ಗಳ ಆಕಾರ. ಸೊನ್ನೆಗೆ ಬರವಣಿಗೆಯ ಜೀವ ಬರಬೇಕಾದರೆ ಹೊರಗಿನ ವೃತ್ತದೊಳಗೆ ತುಸು ವಾಲಿದ ಇನ್ನೊಂದು ದೀರ್ಘವೃತ್ತವಿರಬೇಕು. ಹೊರಗೆ ನಾಲ್ಕು, ಒಳಗೆ ನಾಲ್ಕು, ಒಟ್ಟು ಎಂಟೇ ನೋಡ್. ಒಂಬತ್ತನೆಯದನ್ನು ಎಲ್ಲಿಯೇ ಸೇರಿಸಿ ಕೈಯಿಂದ ತಿದ್ದಲು ಹೊರಟರೂ ಸೊನ್ನೆಯ ಆ ಬದಿ ಸ್ವಲ್ಪ ನೆಗ್ಗಿದಂತೆ ಕಾಣತೊಡಗುತ್ತದೆ.

ಈ ನೆಗ್ಗಿನ ಕಾರಣವನ್ನು ಹುಡುಕುತ್ತಾ ಹೋದಾಗಲೇ ನಯವಾದ ನೋಡ್ ಎಂಬ ಹೆಸರಿನ ಮಿತಿ ನನಗೆ ಅರ್ಥವಾದದ್ದು. ನಯವಾದ ನೋಡಿನಲ್ಲಿ ಎರಡು ಕಡೆಯ ಗೆರೆಗಳು ಒಂದೇ ದಿಕ್ಕಿನಲ್ಲಿ ಕೂಡುತ್ತವೆ ಎಂಬುದು ಮಾತ್ರ ಖಾತ್ರಿ. ಒಂದೇ ಬಿಗುವಿನಲ್ಲಿ ಬಾಗುತ್ತಾ ಕೂಡುತ್ತವೆ ಎಂಬುದಕ್ಕೆ ಖಾತ್ರಿಯಿಲ್ಲ. ಎಡಗಡೆ ಮೆಲ್ಲಗೆ ಬಾಗುತ್ತಿದ್ದ ಗೆರೆ ನೋಡನ್ನು ದಾಟಿದ ಕೂಡಲೇ ಥಟ್ಟನೆ ಬಿಗಿಯಾಗಿ ಬಾಗಿದರೆ ಅಲ್ಲಿ ಮೂಲೆ ಕಾಣದಿದ್ದರೂ ಕಣ್ಣು ತಡವರಿಸುತ್ತದೆ. ವೇಗವಾಗಿ ಹೋಗುವ ಗಾಡಿಯಲ್ಲಿ ಕುಳಿತವರಿಗೆ, ನೇರ ರಸ್ತೆ ಏಕಾಏಕಿ ತಿರುವಾಗಿ ಬದಲಾದರೆ ಮೈ ಒಂದು ಕಡೆಗೆ ತೂಗುತ್ತದಲ್ಲ, ಅದೇ ಅನುಭವ ಇದು. ಒಂದು ಹ್ಯಾಂಡಲ್ ತೀರ ಗಿಡ್ಡವಾಗಿ ಇನ್ನೊಂದು ತೀರ ಉದ್ದವಾಗಿರುವ ನಯವಾದ ನೋಡ್‌ಗಳಲ್ಲಿ ಈ ದೋಷ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಶಿಫ್ಟ್ ವೈ ಒತ್ತಿ ನೋಡನ್ನು ಸಮ್ಮಿತಿಯದನ್ನಾಗಿ ಮಾಡಿದರೆ ಹ್ಯಾಂಡಲ್‌ಗಳ ಉದ್ದ ಸಮವಾಗುತ್ತದೆ, ಆದರೆ ಬಿಗುವು ಸಮವಾಗುವುದು ಪಕ್ಕದ ನೋಡ್‌ಗಳನ್ನೂ ಅವಲಂಬಿಸಿರುವುದರಿಂದ ಅದೊಂದೇ ಮದ್ದಲ್ಲ. ಶಿಫ್ಟ್ ಎ ಒತ್ತಿದಾಗ ಸಿಗುವ ತಾನೇ ಹೊಂದಿಕೊಳ್ಳುವ ನೋಡ್, ಅಕ್ಕಪಕ್ಕದವು ಸರಿದಂತೆಲ್ಲ ತನ್ನ ಹ್ಯಾಂಡಲ್‌ಗಳನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಕರಡಿಗೆ ಅದು ಒಳ್ಳೆಯದು. ಕೊನೆಯ ರೂಪಕ್ಕೆ ನಾನು ಅದನ್ನು ನೆಚ್ಚುವುದಿಲ್ಲ.

ಬಿಗುವಿನ ಈ ಸಮಸ್ಯೆಗೆ ಇಂಕ್‌ಸ್ಕೇಪ್ ಕೊಡುವ ನಿಜವಾದ ಪರಿಹಾರ ಪೆನ್ ಟೂಲಿನ ಸ್ಪೈರೋ ವಿಧಾನ, ಮತ್ತು ಈ ವಿಮರ್ಶೆ ಬರೆಯಲು ನನ್ನನ್ನು ಹಚ್ಚಿದ್ದೂ ಅದೇ. ರಾಫ್ ಲೆವಿಯನ್ ಅವರು ರೂಪಿಸಿದ, 2009ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ವಿವರಿಸಿದ ಈ ಗೆರೆಯಲ್ಲಿ ನಾವು ಹ್ಯಾಂಡಲ್‌ಗಳನ್ನು ಮುಟ್ಟುವುದೇ ಇಲ್ಲ. ಗೆರೆ ಹಾದುಹೋಗಬೇಕಾದ ಬಿಂದುಗಳನ್ನು ತೋರಿಸಿದರೆ ಸಾಕು, ಬಿಗುವು ಎಲ್ಲಿಯೂ ಥಟ್ಟನೆ ಬದಲಾಗದಂತೆ ಗೆರೆಯೇ ತನ್ನ ದಾರಿಯನ್ನು ಕಂಡುಕೊಳ್ಳುತ್ತದೆ. ಕಂಪ್ಯೂಟರ್ ಬರುವ ಮೊದಲು ಹಡಗಿನ ನಕ್ಷೆ ಬಿಡಿಸುವವರು ತೆಳುವಾದ ಮರದ ಪಟ್ಟಿಯನ್ನು ಸೀಸದ ತೂಕಗಳ ನಡುವೆ ಬಾಗಿಸಿ ನಿಲ್ಲಿಸಿ, ಅದರ ಅಂಚಿನಗುಂಟ ಗೆರೆ ಎಳೆಯುತ್ತಿದ್ದರು. ಸ್ಪೈರೋ ಪರದೆಯ ಮೇಲೆ ಆ ಪಟ್ಟಿಯ ಹಾಗೆಯೇ ನಡೆದುಕೊಳ್ಳುತ್ತದೆ.

ಕನ್ನಡ ಅಕ್ಷರದ ಕೊಂಬನ್ನು ನಾನು ಎರಡೂ ಬಗೆಯಲ್ಲಿ ಬಿಡಿಸಿ ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ಅಕ್ಷರದ ಬುಡದಿಂದ ಬಲಕ್ಕೆ ಹೊರಟು, ಕೆಳಗೆ ದುಂಡಗೆ ಬಳಸಿ, ಮೇಲಕ್ಕೆದ್ದು ತುದಿಯಲ್ಲಿ ಒಳಕ್ಕೆ ಬಾಗುವ ಆ ಗೆರೆಗೆ ಮಾಮೂಲಿ ವಿಧಾನದಲ್ಲಿ ನಾಲ್ಕು ನೋಡ್‌ಗಳು, ಅವುಗಳ ಹ್ಯಾಂಡಲ್‌ಗಳು, ಅರ್ಧ ಗಂಟೆಯ ತಿದ್ದುಪಡಿ ಬೇಕಾದವು. ಸ್ಪೈರೋದಲ್ಲಿ ಐದು ಕ್ಲಿಕ್‌ಗಳಲ್ಲಿ ಗೆರೆ ಬಂತು. ಲೇಖನಿಯನ್ನು ಎತ್ತದೆ ಒಂದೇ ಉಸಿರಿಗೆ ಬರೆದಂತಿದ್ದ ಆ ಗೆರೆಯನ್ನು ಹ್ಯಾಂಡಲ್ ಹಿಡಿದು ತಲುಪಲು ನನ್ನ ಕೈಯಿಂದ ಇನ್ನೂ ಆಗಿಲ್ಲ. ಆದರೆ ಸ್ಪೈರೋಗೆ ಬೇರೆ ಸ್ವಭಾವವೂ ಇದೆ. ಬಿಂದುಗಳು ತೀರ ಒತ್ತೊತ್ತಾಗಿದ್ದರೆ, ಅಥವಾ ಒಂದು ಬಿಂದುವನ್ನು ತಿರುವಿನ ತಪ್ಪು ಬದಿಗೆ ಸರಿಸಿದರೆ, ಬಿಗಿದ ತಂತಿಯನ್ನು ಕೈಬಿಟ್ಟಾಗ ಸುರುಳಿ ಸುತ್ತುವಂತೆ ಇಡೀ ಗೆರೆ ಎಲ್ಲೆಲ್ಲೋ ಸುತ್ತಿಕೊಳ್ಳುತ್ತದೆ. ಒಂದು ಬಿಂದುವಿನ ಬದಲಾವಣೆ ಆ ತುಂಡಿಗೇ ನಿಲ್ಲದೆ ದೂರದ ತುಂಡುಗಳಿಗೂ ಹಬ್ಬುವುದು ಇದಕ್ಕೆ ಕಾರಣ. ಗಾಬರಿಯಾಗದೆ ಹಿಂದಿನ ಹೆಜ್ಜೆಗೆ ಮರಳಿ, ಆ ಬಿಂದುವನ್ನು ಸ್ವಲ್ಪಸ್ವಲ್ಪವೇ ಸರಿಸಿದರೆ ಗೆರೆ ಮತ್ತೆ ಹದಕ್ಕೆ ಬರುತ್ತದೆ. ಮೆಚ್ಚುವ ರೂಪ ಸಿಕ್ಕ ಮೇಲೆ ಅದನ್ನು ಸಾಮಾನ್ಯ ಪಾತ್ ಆಗಿ ಬದಲಿಸಿಕೊಂಡರೆ ಬೆಝಿಯೆ ಗೆರೆಯೇ ಕೈಗೆ ಬರುತ್ತದೆ. ನೋಡ್‌ಗಳು ಸ್ವಲ್ಪ ಹೆಚ್ಚಾಗಿರುತ್ತವೆ, ಅವುಗಳಲ್ಲಿ ಬೇಡದವನ್ನು ಅಳಿಸುವುದು ಐದು ನಿಮಿಷದ ಕೆಲಸ.

ಪೆನ್ನಿನಲ್ಲಿಯೇ ಇರುವ ಬಿಸ್ಪ್ಲೈನ್ ವಿಧಾನದ ಗೆರೆಯೂ ನಯವಾಗಿಯೇ ಇರುತ್ತದೆ, ಸ್ಪೈರೋದಂತೆ ಸಿಡಿಯುವುದೂ ಇಲ್ಲ. ಆದರೆ ನಾವು ಕ್ಲಿಕ್ ಮಾಡಿದ ಬಿಂದುಗಳ ಮೂಲಕ ಅದು ಹಾದುಹೋಗುವುದಿಲ್ಲ, ಅವುಗಳ ಒಳಬದಿಯಲ್ಲಿ ಸಾಗುತ್ತದೆ. ಇರುವ ಚಿತ್ರವೊಂದರ ಮೇಲೆ ಅಳತೆ ತಪ್ಪದಂತೆ ಗೆರೆ ಎಳೆಯಬೇಕಾದವರಿಗೆ ಅದು ತಕ್ಕುದಲ್ಲ. ನೀರಿನ ಅಲೆ, ಬೆಟ್ಟದ ಸಾಲು, ಮೋಡದಂಥವಕ್ಕೆ ಚೆನ್ನಾಗಿ ಒದಗುತ್ತದೆ.

ಪೆನ್ಸಿಲ್ ಟೂಲಿನ ಬಗ್ಗೆ ಹೇಳಬೇಕಾದುದು ಕಡಿಮೆ. ನನ್ನ 61 ನೋಡ್‌ಗಳ ಎಲೆ ಹುಟ್ಟಿದ್ದು ಅದರಲ್ಲೇ, ಮೌಸ್ ಹಿಡಿದ ಕೈಯ ನಡುಕವನ್ನೆಲ್ಲ ಅದು ನಿಷ್ಠೆಯಿಂದ ದಾಖಲಿಸಿತ್ತು. ಮೇಲಿನ ಪಟ್ಟಿಯಲ್ಲಿ ನಯಗೊಳಿಸುವ ಪ್ರಮಾಣವನ್ನು ಹೆಚ್ಚಿಸಿಕೊಂಡರೆ ನೋಡ್‌ಗಳು ಕಡಿಮೆಯಾಗುತ್ತವೆ. ಎಳೆದ ಮೇಲೆ ಕಂಟ್ರೋಲ್ ಎಲ್ ಒತ್ತಿ ಗೆರೆಯನ್ನು ಸರಳಗೊಳಿಸಲೂಬಹುದು. ಅದನ್ನು ಬೇಗಬೇಗನೆ ಮತ್ತೆಮತ್ತೆ ಒತ್ತಿದಷ್ಟೂ ಸರಳಗೊಳಿಸುವ ಬಲ ಹೆಚ್ಚುತ್ತಾ ಹೋಗುತ್ತದೆ. ಹಳೆಯ ಎಲೆಯ ಮೇಲೆ ನಾನು ಅದನ್ನು ಪ್ರಯೋಗಿಸಿದಾಗ 61 ಇದ್ದದ್ದು 14ಕ್ಕೆ ಇಳಿಯಿತು, ಆದರೆ ತುದಿಯ ಮೊನಚು ಮೊಂಡಾಯಿತು, ಉಳಿದ 14ರಲ್ಲಿ ಒಂದೂ ಎಲೆ ಅತಿ ಅಗಲವಾಗಿರುವ ಜಾಗದಲ್ಲಿ ಇರಲಿಲ್ಲ. ಎಣಿಕೆಯನ್ನು ತಂತ್ರಾಂಶ ಇಳಿಸಬಲ್ಲದು, ಜಾಗವನ್ನು ಬಿಡಿಸುವವರೇ ಆರಿಸಬೇಕು.

ಗೆರೆ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಇಂಕ್‌ಸ್ಕೇಪ್‌ನಲ್ಲಿ ಎರಡು ಸೌಲಭ್ಯಗಳು ನನಗೆ ಬಹಳ ನೆರವಾಗಿವೆ. 1.0 ಆವೃತ್ತಿಯಿಂದ ಕ್ಯಾನ್ವಾಸನ್ನೇ ತಿರುಗಿಸಬಹುದು, ಕನ್ನಡಿಯಲ್ಲಿ ಕಂಡಂತೆ ಮಗುಚಲೂಬಹುದು. ಚಿತ್ರ ಬದಲಾಗುವುದಿಲ್ಲ, ನೋಡುವ ಕೋನ ಮಾತ್ರ ಬದಲಾಗುತ್ತದೆ. ಗಂಟೆಗಟ್ಟಲೆ ಒಂದೇ ಕಡೆಯಿಂದ ನೋಡಿ ಒಗ್ಗಿಹೋದ ಕಣ್ಣಿಗೆ ತಲೆಕೆಳಗಾದ ಗೆರೆಯಲ್ಲಿ ಉಬ್ಬು ಎಲ್ಲಿದೆ ಎಂಬುದು ತಟ್ಟನೆ ಹೊಳೆಯುತ್ತದೆ. ಇನ್ನೊಂದು, ಬಣ್ಣ ಮತ್ತು ದಪ್ಪಗಳನ್ನೆಲ್ಲ ಮರೆಮಾಡಿ ಬರಿಯ ಹೊರಗೆರೆಯನ್ನು ತೋರಿಸುವ ನೋಟ. ದಪ್ಪ ಗೆರೆಯಲ್ಲಿ ಮುಚ್ಚಿಹೋಗುವ ಸಣ್ಣ ತಪ್ಪುಗಳು, ಒಂದರ ಮೇಲೊಂದು ಕುಳಿತ ಜೋಡಿ ನೋಡ್‌ಗಳು ಅಲ್ಲಿ ಬಯಲಾಗುತ್ತವೆ. ಅತಿಯಾಗಿ ಝೂಮ್ ಮಾಡಿ ತಿದ್ದುವುದರಿಂದ ಮಾತ್ರ ನಾನು ದೂರ ಉಳಿದಿದ್ದೇನೆ. ಬಹಳ ಹತ್ತಿರದಿಂದ ನೋಡಿದರೆ ಎಲ್ಲ ಬಾಗುಗೆರೆಯೂ ನೇರಗೆರೆಯಂತೆಯೇ ಕಾಣುತ್ತದೆ, ಆಗ ತಿದ್ದಿದ್ದು ತಿದ್ದುಪಡಿಯೋ ಹೊಸ ತಪ್ಪೋ ಹೇಳಲಾಗುವುದಿಲ್ಲ.

ಕೊನೆಯದಾಗಿ, ಕತ್ತರಿಸುವ ಕೆಲಸಕ್ಕೆ ಫೈಲ್ ಸಿದ್ಧಪಡಿಸುವವರು ಎಚ್ಚರ ವಹಿಸಬೇಕಾದ ಒಂದು ಸಂಗತಿಯಿದೆ. ಆಕಾರದ ಸುತ್ತ ಸಮನಾದ ಅಂತರದಲ್ಲಿ ಇನ್ನೊಂದು ಗೆರೆ ಬೇಕಾದಾಗ ಆಫ್‌ಸೆಟ್ ಆಜ್ಞೆಗಳನ್ನೋ, ದಪ್ಪ ಗೆರೆಯನ್ನು ಪಾತ್ ಆಗಿ ಬದಲಿಸುವ ಆಜ್ಞೆಯನ್ನೋ ಬಳಸುವುದು ರೂಢಿ. ಬೆಝಿಯೆ ಗೆರೆಗೆ ಸಮಾಂತರವಾದ ಗೆರೆ ಸಾಮಾನ್ಯವಾಗಿ ಇನ್ನೊಂದು ಬೆಝಿಯೆ ಗೆರೆಯಾಗಿರುವುದಿಲ್ಲ, ಆದ್ದರಿಂದ ತಂತ್ರಾಂಶ ಅದನ್ನು ಹಲವು ಸಣ್ಣ ತುಂಡುಗಳನ್ನು ಜೋಡಿಸಿ ಅಂದಾಜಾಗಿ ಕಟ್ಟುತ್ತದೆ. ಇದು ಇಂಕ್‌ಸ್ಕೇಪ್ ಒಂದರದೇ ದೋಷವಲ್ಲ, ಗಣಿತದ ಮಿತಿ. ಆದರೆ ಕಷ್ಟಪಟ್ಟು 4ಕ್ಕೆ ಇಳಿಸಿದ ನೋಡ್‌ಗಳು ಒಂದೇ ಆಜ್ಞೆಯಲ್ಲಿ ಮತ್ತೆ ಡಜನುಗಟ್ಟಲೆಯಾಗುವುದನ್ನು ನೋಡಲು ಬೇಸರವಾಗುತ್ತದೆ. ಎಲೆಗೆ 2 ಮಿಲಿಮೀಟರ್ ಅಂಚು ಬೇಕಾದಾಗ ನಾನು ಆಫ್‌ಸೆಟ್ ಗೆರೆಯನ್ನು ತೆಳುಬಣ್ಣದಲ್ಲಿ ಹಿಂದೆ ಮಾದರಿಯಾಗಿ ಇಟ್ಟುಕೊಂಡು, ಮೂಲ ಎಲೆಯ ಪ್ರತಿಯ ನಾಲ್ಕು ನೋಡ್‌ಗಳನ್ನು ಹೊರಕ್ಕೆ ಸರಿಸಿ, ಹ್ಯಾಂಡಲ್‌ಗಳನ್ನು ತುಸು ಉದ್ದ ಮಾಡಿ ಅದರ ಮೇಲೆ ಹೊಂದಿಸುತ್ತೇನೆ. ಹೊಂದಿದ ಮೇಲೆ ಮಾದರಿಯನ್ನು ಅಳಿಸುತ್ತೇನೆ. ಹಾಗೆ ಸಿದ್ಧಪಡಿಸಿದ ಫೈಲನ್ನು ಅದೇ ಯಂತ್ರದವರಿಗೆ ಮತ್ತೆ ಕೊಟ್ಟಾಗ, ಒಳಗಿನ ಎಲೆಗೆ 4, ಹೊರಗಿನ ಅಂಚಿಗೆ 4 ನೋಡ್‌ಗಳಿದ್ದವು, ಎರಡೂ ಅಂಚುಗಳ ಮೇಲೆ ಬೆರಳು ಎಲ್ಲಿಯೂ ತಡೆಯದೆ ಜಾರಿತು.